ಅಂಚಿಲ್ಲದ ಫಾರ್ಮು

ಕಾಗದದ ಗಣತಿ ಫಾರ್ಮಿಗೆ ಒಂದು ಅಂಚು ಇರುತ್ತಿತ್ತು. ದೊಡ್ಡ ಜಾಗವೇನಲ್ಲ, ಕಾಲಂಗಳೆಲ್ಲ ಮುಗಿದ ಮೇಲೆ ಪಕ್ಕದಲ್ಲಿ ಉಳಿಯುವ ಬಿಳಿ ಪಟ್ಟಿ. 2001 ಮತ್ತು 2011ರಲ್ಲಿ ಫಾರ್ಮುಗಳನ್ನು ಸ್ಕ್ಯಾನ್ ಮಾಡಿ ಕೈಬರಹವನ್ನು ಯಂತ್ರದಿಂದಲೇ ಓದಿಸಿದ್ದರಿಂದ, ಅಂಚಿನಲ್ಲಿ ಏನೂ ಗೀಚಬಾರದು, ಫಾರ್ಮು ಮಡಿಸಬಾರದು ಎಂದು ತರಬೇತಿಯಲ್ಲಿ ಒತ್ತಿ ಹೇಳುತ್ತಿದ್ದರು. ಆದರೂ ಗೀಚುವವರು ಗೀಚುತ್ತಿದ್ದರು, ಉಳಿದವರು ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ‘ಬೀಗ, ಮೂರು ಸಲ ಹೋದೆ.’ ‘ವಯಸ್ಸು ಸೊಸೆ ಹೇಳಿದ್ದು.’ ‘ಮಗ ದುಬೈ, ಬರೋದು ಗೊತ್ತಿಲ್ಲ.’ ಸಂಜೆ ಮೇಲ್ವಿಚಾರಕರು ಫಾರ್ಮು ತಿರುವಿ ಹಾಕುವಾಗ ಕಣ್ಣು ಮೊದಲು ಹೋಗುತ್ತಿದ್ದುದು ಅಲ್ಲಿಗೆ. ಕಾಲಂನಲ್ಲಿ ತುಂಬಿದ್ದನ್ನು ಎಷ್ಟು ನಂಬಬೇಕು ಎಂಬುದು ಆ ಗೀಚಿನಿಂದ ಗೊತ್ತಾಗುತ್ತಿತ್ತು.

ಮೊಬೈಲ್ ಆ್ಯಪ್‌ಗೆ ಅಂಥ ಅಂಚಿಲ್ಲ. ಒಂದು ಪ್ರಶ್ನೆ, ಒಂದು ಉತ್ತರ, ಆಮೇಲೆ ‘ಮುಂದೆ’ ಎಂಬ ಗುಂಡಿ. 2027ರ ಜನಗಣತಿ ನಮ್ಮ ದೇಶದ ಮೊದಲ ಡಿಜಿಟಲ್ ಜನಗಣತಿ ಎಂಬ ಮಾತು ಬಂದಾಗಲೆಲ್ಲ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಇನ್ನು ತಪ್ಪು ಕಡಿಮೆ, ಫಲಿತಾಂಶ ಬೇಗ. ಎರಡನೆಯದನ್ನು ಒಪ್ಪಬಹುದು. ಕೋಟಿಗಟ್ಟಲೆ ಹಾಳೆಗಳನ್ನು ಸಾಗಿಸಿ, ಸ್ಕ್ಯಾನ್ ಮಾಡಿ, ಓದಲಾಗದ ಅಕ್ಷರಗಳನ್ನು ಮನುಷ್ಯರ ಮುಂದಿಟ್ಟು ತಿದ್ದಿಸುವ ವರ್ಷಗಳು ಖಂಡಿತ ಉಳಿಯುತ್ತವೆ. ಮೊದಲನೆಯದರ ಬಗ್ಗೆ ಮಾತ್ರ ನಿಧಾನವಾಗಿ ಯೋಚಿಸಬೇಕು. ಕಾಗದದ ಕಾಲದಲ್ಲಿ ತಪ್ಪು ತಿದ್ದುವುದಕ್ಕೆ ಗಣತಿ ಮುಗಿದ ಮೇಲೂ ಒಂದು ಹೊತ್ತು ಇತ್ತು, ಒಂದು ಮೇಜಿತ್ತು. ಆ್ಯಪ್ ಬಂದ ಮೇಲೆ ಆ ಹೊತ್ತು ಹಿಂದಕ್ಕೆ ಸರಿದಿದೆ. ಅರ್ಧ ಕೆಲಸ ಮನೆ ಬಾಗಿಲಲ್ಲೇ ಮುಗಿಯಬೇಕು, ಉಳಿದರ್ಧ ಬಾಗಿಲು ತಟ್ಟುವ ಎಷ್ಟೋ ತಿಂಗಳು ಮೊದಲು ಪ್ರಶ್ನೆ, ಕೋಡು, ನಕ್ಷೆಗಳನ್ನು ಸಿದ್ಧಪಡಿಸುವವರ ಕೋಣೆಯಲ್ಲಿ ಮುಗಿದಿರಬೇಕು. ಅಲ್ಲಿ ಬಿಟ್ಟುಹೋದದ್ದನ್ನು ಬಾಗಿಲಲ್ಲಿ ನಿಂತ ಗಣತಿದಾರರು ತುಂಬಿಕೊಡಲಾರರು.

ಎರಡು ಬಾಗಿಲು, ಒಂದು ಒಲೆ

ಒಂದು ವಠಾರ ನೆನಪಿಸಿಕೊಳ್ಳಿ. ಅಂಗಳಕ್ಕೆ ಆರು ಬಾಗಿಲು. ಮೊದಲ ಎರಡು ಬಾಗಿಲಿನ ಮುಂದೆ ಗಣತಿಗೆ ಬಂದ ಟೀಚರ್ ನಿಂತಿದ್ದಾರೆ, ಬಿಸಿಲಿಗೆ ಫೋನಿನ ಪರದೆ ಕಾಣದೆ ಸೆರಗು ಅಡ್ಡ ಹಿಡಿದಿದ್ದಾರೆ.

“ಅಮ್ಮಾ, ಈ ಎರಡೂ ನಿಮ್ಮ ಮನೇನಾ?”

“ಆ ಕಡೇದು ನನ್ನ ಮೈದುನಂದು ಮೇಡಂ. ಅಡುಗೆ ಎಲ್ಲಾ ಇಲ್ಲೇ. ಅವರು ಮಲಗೋಕೆ ಮಾತ್ರ ಆ ಕಡೆ ಹೋಗ್ತಾರೆ.”

ಈ ಮಾತಿನಲ್ಲಿ ಜನಗಣತಿಯ ಎರಡು ಮುಖ್ಯ ವ್ಯಾಖ್ಯೆಗಳು ಅಡಗಿವೆ. ಅಂಗಳ, ರಸ್ತೆ ಅಥವಾ ಮೆಟ್ಟಿಲಿಗೆ ತೆರೆಯುವ ಪ್ರತ್ಯೇಕ ಮುಖ್ಯ ಬಾಗಿಲಿದ್ದರೆ ಅದೊಂದು ಗಣತಿ ಮನೆ. ಒಟ್ಟಿಗೆ ಬಾಳುತ್ತಾ ಒಂದೇ ಅಡುಗೆಮನೆಯಲ್ಲಿ ಊಟ ಮಾಡುವವರು ಒಂದು ಕುಟುಂಬ. ಹಾಗಾಗಿ ಇಲ್ಲಿ ಗಣತಿ ಮನೆ ಎರಡು, ಕುಟುಂಬ ಒಂದು. ಕಾಗದದಲ್ಲಿ ಇದು ಕಷ್ಟವಿರಲಿಲ್ಲ. ಎರಡು ಸಾಲು ಬರೆದು, ಕುಟುಂಬದ ವಿವರವನ್ನು ಒಂದಕ್ಕೆ ಮಾತ್ರ ತುಂಬಿದರೆ ಆಯಿತು. ‘ಮನೆ ಸೇರಿಸಿ, ಅದರೊಳಗೆ ಕುಟುಂಬ ಸೇರಿಸಿ, ಅದರೊಳಗೆ ಸದಸ್ಯರನ್ನು ಸೇರಿಸಿ’ ಎಂಬ ಮೆಟ್ಟಿಲುಗಳಲ್ಲೇ ಕಟ್ಟಿದ ಆ್ಯಪ್ ಕೈಲಿದ್ದರೆ ಟೀಚರ್ ಮುಂದೆ ಎರಡು ತಪ್ಪು ದಾರಿ ತೆರೆದುಕೊಳ್ಳುತ್ತವೆ. ಮೈದುನನ ಬಾಗಿಲನ್ನು ಬೇರೆ ಕುಟುಂಬ ಎಂದು ತುಂಬಬಹುದು, ಆಗ ಊರಿನ ಕುಟುಂಬಗಳ ಸಂಖ್ಯೆ ಉಬ್ಬಿ ಸರಾಸರಿ ಸದಸ್ಯರ ಸಂಖ್ಯೆ ಇಳಿಯುತ್ತದೆ. ಇಲ್ಲವೇ ಆ ಬಾಗಿಲನ್ನು ‘ಖಾಲಿ’ ಎಂದು ಒತ್ತಬಹುದು, ಆಗ ಜನ ಮಲಗುವ ಕೋಣೆ ಖಾಲಿ ಮನೆಗಳ ಪಟ್ಟಿಗೆ ಸೇರುತ್ತದೆ. ‘ಈ ಮನೆಯನ್ನು ಬಳಸುತ್ತಿರುವ ಕುಟುಂಬ ಈಗಾಗಲೇ ದಾಖಲಾಗಿದೆ, ಆರಿಸಿ’ ಎಂಬ ಒಂದು ಆಯ್ಕೆ ಇದ್ದಿದ್ದರೆ ಎರಡೂ ಆಗುತ್ತಿರಲಿಲ್ಲ. ಇಂಥ ಆಯ್ಕೆ ಕಚೇರಿಯಲ್ಲಿ ಕೂತು ಪರೀಕ್ಷಿಸುವವರಿಗೆ ಹೊಳೆಯುವುದಿಲ್ಲ, ಅವರ ಉದಾಹರಣೆಗಳಲ್ಲಿ ಪ್ರತಿ ಬಾಗಿಲ ಹಿಂದೆಯೂ ಒಂದು ಅಚ್ಚುಕಟ್ಟಾದ ಸಂಸಾರ ಇರುತ್ತದೆ. ವಠಾರ, ತೋಟದ ಲೈನ್ ಮನೆ, ಹಾಸ್ಟೆಲ್, ಕಟ್ಟಡ ಕೆಲಸದವರ ತಗಡಿನ ಶೆಡ್ಡು, ಅಂಗಡಿಯ ಹಿಂದಿನ ಕೋಣೆ, ಈ ಐದು ಕಡೆ ನಿಜವಾದ ಗಣತಿದಾರರಿಂದಲೇ ತುಂಬಿಸಿ ನೋಡದ ಆ್ಯಪ್ ಪೂರ್ವಪರೀಕ್ಷೆ ದಾಟಿದೆ ಎನ್ನಲು ಬರುವುದಿಲ್ಲ.

ಪೂರ್ವಪರೀಕ್ಷೆಯಲ್ಲಿ ನೋಡಬೇಕಾದ್ದು ಆ್ಯಪ್ ಕೆಡುತ್ತದೆಯೇ ಎಂಬುದೊಂದೇ ಅಲ್ಲ. ಗಣತಿದಾರರು ಯಾವ ಪರದೆಯಲ್ಲಿ ಹಿಂದಕ್ಕೆ ಹೋದರು, ಎಲ್ಲಿ ಎರಡು ನಿಮಿಷ ನಿಂತರು, ಯಾವ ಪ್ರಶ್ನೆಯನ್ನು ಓದದೆ ಉತ್ತರ ಒತ್ತಿದರು, ಇದೆಲ್ಲ ಫೋನಿನಲ್ಲೇ ಸಮಯದ ಸಮೇತ ದಾಖಲಾಗುತ್ತದೆ. ಡಿಜಿಟಲ್ ಗಣತಿಯ ನಿಜವಾದ ಲಾಭ ಇಲ್ಲಿದೆ ಎಂದು ನನಗನಿಸುತ್ತದೆ. ಅಂಚಿನಲ್ಲಿ ಗೀಚಿದ್ದನ್ನು ಒಬ್ಬ ಮೇಲ್ವಿಚಾರಕ ಮಾತ್ರ ಓದುತ್ತಿದ್ದ. ಸಾವಿರ ಗಣತಿದಾರರು ಒಂದೇ ಪರದೆಯಲ್ಲಿ ತಡವರಿಸಿದರೆ ತಪ್ಪು ಆ ಪರದೆಯದ್ದು ಎಂದು ಈಗ ಒಂದೇ ದಿನದಲ್ಲಿ ತಿಳಿಯುತ್ತದೆ.

ಒಪ್ಪದ ಪರದೆ

ಉತ್ತರ ತಾಳೆಯಾಗದಿದ್ದರೆ ಮುಂದೆ ಬಿಡದಿರುವುದು ಆ್ಯಪ್‌ನ ದೊಡ್ಡ ಗುಣ ಎನ್ನುತ್ತಾರೆ. ಇಲ್ಲಿ ಅಳತೆ ತಪ್ಪಿದರೆ ಅದೇ ದೊಡ್ಡ ದೋಷವೂ ಆಗುತ್ತದೆ. ತಡೆಗಳಲ್ಲಿ ಎರಡು ಬಗೆ. ಹೆತ್ತ ಮಕ್ಕಳು ಮೂರು, ಬದುಕಿರುವವರು ನಾಲ್ಕು ಎಂದರೆ ಅದು ಆಗದ ಮಾತು, ಅಲ್ಲಿ ಪೂರ್ತಿ ತಡೆಯಬೇಕು. ಯಜಮಾನನಿಗೆ 45, ಅವನ ತಾಯಿಗೆ 54 ಎಂದರೆ ಅದು ಅಪರೂಪ, ಆದರೆ ಮಲತಾಯಿ ಇರಬಹುದು. ಅಲ್ಲಿ ‘ಸರಿಯೇ?’ ಎಂದು ಕೇಳಿ, ಹೌದೆಂದರೆ ಬಿಡಬೇಕು. ಈ ಎರಡನೆಯದಕ್ಕೂ ಪೂರ್ತಿ ತಡೆ ಹಾಕಿದರೆ ಏನಾಗುತ್ತದೆ? ಹೊರಗೆ ಇನ್ನೂ ಹದಿನೆಂಟು ಮನೆ ಬಾಕಿ ಇರುವ ಗಣತಿದಾರರು ತಾಯಿಯ ವಯಸ್ಸನ್ನು 62 ಮಾಡಿ ಮುಂದೆ ಹೋಗುತ್ತಾರೆ. ನಿಜವಾದ ಉತ್ತರವನ್ನು ಆ್ಯಪ್ ಒಪ್ಪಲಿಲ್ಲ, ಸುಳ್ಳನ್ನು ಒಪ್ಪಿತು. ಆಮೇಲೆ ದತ್ತಾಂಶ ನೋಡಿದವರಿಗೆ ಎಲ್ಲವೂ ತಾಳೆಯಾಗುತ್ತದೆ. ಕಾಗದದಲ್ಲಿ 54 ಎಂಬುದು ಹಾಗೇ ಉಳಿದು ಯಾರದಾದರೂ ಕಣ್ಣಿಗೆ ಬೀಳುತ್ತಿತ್ತು. ಆ್ಯಪ್‌ನಲ್ಲಿ ಆದ ತಪ್ಪಿನ ಗುರುತೇ ಉಳಿಯುವುದಿಲ್ಲ. ನನ್ನ ಲೆಕ್ಕದಲ್ಲಿ ಹತ್ತು ತಡೆಗಳಲ್ಲಿ ಎಂಟು ಕೇಳಿ ಬಿಡುವಂಥವೇ ಇರಬೇಕು.

ವಯಸ್ಸಿನ ವಿಷಯವನ್ನೇ ಇನ್ನಷ್ಟು ಹತ್ತಿರದಿಂದ ನೋಡೋಣ. ಬಾಯಿಮಾತಿನ ವಯಸ್ಸು ಸೊನ್ನೆ ಮತ್ತು ಐದರಲ್ಲಿ ಕೊನೆಗೊಳ್ಳುವುದು ನಮ್ಮ ಗಣತಿಗಳ ಹಳೆಯ ರೋಗ. 40, 45, 50ರ ಮೇಲೆ ಗೋಪುರಗಳು, 41, 43, 49ರಲ್ಲಿ ಹಳ್ಳಗಳು. ಅದಕ್ಕೇ ಹುಟ್ಟಿದ ದಿನಾಂಕವನ್ನೂ ಕೇಳುತ್ತಾರೆ. ಆದರೆ ಕರ್ನಾಟಕದಲ್ಲಿ ಒಂದು ತಲೆಮಾರಿನ ಅರ್ಧ ಜನ ಹುಟ್ಟಿದ್ದು ಜೂನ್ 1ರಂದೇನೋ ಎನಿಸುವಂತೆ ದಾಖಲೆಗಳಿವೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖದು. ಆಧಾರ್ ಕಾರ್ಡು ತಂದು ತೋರಿಸಿದರೂ ಅದರಲ್ಲಿ ಅದೇ ತಾರೀಖು. ಆ್ಯಪ್‌ನ ಕ್ಯಾಲೆಂಡರ್ ಇದಕ್ಕೆ ಇನ್ನೊಂದು ತೊಡಕು ಸೇರಿಸುತ್ತದೆ. ಅದು ಇವತ್ತಿನ ತಾರೀಖಿನಲ್ಲಿ ತೆರೆದುಕೊಂಡು, ತಿಂಗಳೊಂದಕ್ಕೆ ಒಂದು ಬಾಣದ ಗುರುತು ಒತ್ತುತ್ತಾ ಹಿಂದೆ ಹೋಗಬೇಕಾದರೆ, 70 ವರ್ಷದ ಅಜ್ಜಿಗೆ 840 ಸಲ ಒತ್ತಬೇಕು. ಯಾರೂ ಒತ್ತುವುದಿಲ್ಲ. ವರ್ಷ ಸಿಕ್ಕಿದ ಕೂಡಲೇ ಮೊದಲು ಕಂಡ ತಿಂಗಳು, ಮೊದಲು ಕಂಡ ದಿನ ಒತ್ತಿ ಮುಗಿಸುತ್ತಾರೆ. ದಿನ, ತಿಂಗಳು, ವರ್ಷಕ್ಕೆ ಮೂರು ಪ್ರತ್ಯೇಕ ಅಂಕಿ ಚೌಕ, ‘ದಿನ ಗೊತ್ತಿಲ್ಲ’, ‘ತಿಂಗಳು ಗೊತ್ತಿಲ್ಲ’ ಎಂಬ ಎರಡು ಗುಂಡಿ, ಇಷ್ಟೇ ಸಾಕು.

ವರ್ಷವೂ ಗೊತ್ತಿಲ್ಲದವರಿಗೆ ಗಣತಿಯಲ್ಲಿ ಒಂದು ಹಳೆಯ ಉಪಾಯವಿದೆ, ಘಟನೆಗಳ ಪಟ್ಟಿ. “ಅಜ್ಜೀ, ಎಮರ್ಜೆನ್ಸಿ ಕಾಲದಲ್ಲಿ ನಿಮಗೆ ಮದುವೆ ಆಗಿತ್ತಾ?” ಎಂದು ಕೇಳಿದರೆ, “ಇಂದಿರಮ್ಮ ಚಿಕ್ಕಮಗಳೂರಲ್ಲಿ ನಿಂತಾಗ ನನ್ನ ದೊಡ್ಡ ಮಗ ತೊಟ್ಟಿಲಲ್ಲಿದ್ದ” ಎಂಬ ಉತ್ತರ ಬರುತ್ತದೆ. ಆ ಉಪಚುನಾವಣೆ 1978ರದ್ದು. ಮಗನ ವಯಸ್ಸು ಅಲ್ಲೇ ಸಿಕ್ಕಿತು, ಅಜ್ಜಿಯ ವಯಸ್ಸಿನ ಜಾಡೂ ಸಿಕ್ಕಿತು. ಈ ಪಟ್ಟಿಯನ್ನು ಜಿಲ್ಲೆವಾರು ಮಾಡಿ ವಯಸ್ಸಿನ ಪರದೆಯಲ್ಲೇ ಇಡುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಕೈಪಿಡಿಯ ಕೊನೆಯ ಪುಟದಲ್ಲಿ ಇಟ್ಟರೆ ಅದನ್ನು ಬಿಸಿಲಲ್ಲಿ ಯಾರೂ ತೆರೆಯುವುದಿಲ್ಲ.

46 ಲಕ್ಷ ಜಾತಿಗಳು ಎಲ್ಲಿಂದ ಬಂದವು

ಮನೆಮನೆಗೆ ಎಲೆಕ್ಟ್ರಾನಿಕ್ ಸಾಧನ ಹಿಡಿದು ಹೋಗುವುದು ನಮಗೆ ಇದೇ ಮೊದಲಲ್ಲ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ ಟ್ಯಾಬ್ಲೆಟ್‌ನಲ್ಲಿ ನಡೆಯಿತು. ಅದು ಜನಗಣತಿ ಕಾಯ್ದೆಯಡಿ ನಡೆದದ್ದಲ್ಲ, ಆದರೆ ಡಿಜಿಟಲ್ ಗಣತಿಗೆ ಅದಕ್ಕಿಂತ ದೊಡ್ಡ ಪಾಠ ನಮ್ಮಲ್ಲಿ ಇನ್ನೊಂದಿಲ್ಲ. 1931ರ ಜನಗಣತಿಯಲ್ಲಿ ಲೆಕ್ಕಕ್ಕೆ ಬಂದ ಜಾತಿಗಳು 4,147. 2011ರಲ್ಲಿ ಬಂದ ಜಾತಿಯ ಹೆಸರುಗಳು 46 ಲಕ್ಷಕ್ಕೂ ಹೆಚ್ಚು. ಇದನ್ನು ಕೇಂದ್ರ ಸರ್ಕಾರವೇ 2021ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಹೇಳಿತು. ಆ ಜಾತಿ ಅಂಕಿಅಂಶ ಬಳಕೆಗೆ ಬರಲೇ ಇಲ್ಲ.

ಜನ ಸುಳ್ಳು ಹೇಳಿದ್ದರಿಂದ ಹೀಗಾಗಲಿಲ್ಲ. ಜಾತಿಯ ಕೋಡುಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸದೆ, ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡರೆ ಇದೇ ಆಗುವುದು. ಒಂದು ಬೀದಿಯಲ್ಲೇ ಒಕ್ಕಲಿಗ, ವಕ್ಕಲಿಗ, ಗೌಡ, ಗೌಡ್ರು, ಒಕ್ಕಲಿಗ ಗೌಡ ಎಂದು ಐದು ಬಗೆ ಬರುತ್ತದೆ. ಮನೆತನದ ಹೆಸರು, ಗೋತ್ರ, ಬೆಡಗು, ಉಪಜಾತಿ, ಕಸುಬು, ಎಲ್ಲವೂ ಒಂದೇ ಚೌಕಕ್ಕೆ ಬಂದು ಬೀಳುತ್ತವೆ. ಕೀಲಿಮಣೆಯ ತಪ್ಪುಗಳು ಇದರ ಮೇಲೆ ಸೇರಿ ಒಂದೊಂದು ಹೆಸರೂ ಹತ್ತಾಗುತ್ತದೆ.

ಕನ್ನಡದಲ್ಲಿ ಟೈಪ್ ಮಾಡಿಸಿದರೆ ಕಣ್ಣಿಗೇ ಕಾಣದ ಇನ್ನೊಂದು ತೊಡಕಿದೆ. ‘ಕೊರಮ’ ಎಂಬ ಪದ ತೆಗೆದುಕೊಳ್ಳಿ. ಅದರ ಮೊದಲ ಅಕ್ಷರದ ‘ಒ’ ಸ್ವರಚಿಹ್ನೆಯನ್ನು ಯೂನಿಕೋಡ್ ಎಂಬ ಕಂಪ್ಯೂಟರಿನ ಅಕ್ಷರ ಸಂಕೇತ ವ್ಯವಸ್ಥೆಯಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ‘ಎ’ ಚಿಹ್ನೆ ಮತ್ತು ‘ಊ’ ಚಿಹ್ನೆ ಎಂಬ ಎರಡು ಸಂಕೇತಗಳನ್ನು ಜೋಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಎರಡು ಬೇರೆ ಬೇರೆ ಪದಗಳು. ಒತ್ತಕ್ಷರ ಬಿಡಿಸುವುದಕ್ಕೆ ಬಳಸುವ ಅದೃಶ್ಯ ಜೋಡಣೆ ಗುರುತುಗಳು, ಪದದ ಕೊನೆಯಲ್ಲಿ ಉಳಿದ ಖಾಲಿ ಜಾಗ, ಇವೂ ಹೀಗೆಯೇ ಒಂದು ಹೆಸರನ್ನು ನಾಲ್ಕು ಮಾಡುತ್ತವೆ. ಫೋನು ಬೇರೆ, ಕೀಬೋರ್ಡು ಬೇರೆ ಎಂದಾಗ ಈ ಭೇದಗಳು ಬಂದೇ ಬರುತ್ತವೆ. ಪರಿಹಾರ ಸರಳ: ಪಠ್ಯ ಉಳಿಸುವ ಮೊದಲೇ ಅದನ್ನು ಒಂದು ಪ್ರಮಾಣಿತ ರೂಪಕ್ಕೆ ಇಳಿಸಬೇಕು, ಹುಡುಕುವಾಗಲೂ ಹಾಗೆಯೇ ಮಾಡಬೇಕು. ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಂ ಅಷ್ಟೇ. ಅದನ್ನು ಮರೆತರೆ ಆಮೇಲೆ ತಿದ್ದುವುದಕ್ಕೆ ವರ್ಷ ಹಿಡಿಯುತ್ತದೆ.

2027ರ ಗಣತಿಯ ಎರಡನೇ ಹಂತದಲ್ಲಿ, ಅಂದರೆ ಮನೆಪಟ್ಟಿ ಮುಗಿದು ಜನರನ್ನು ಎಣಿಸುವಾಗ, ಜಾತಿಯನ್ನೂ ಕೇಳಬೇಕೆಂದು 2025ರ ಏಪ್ರಿಲ್ 30ರಂದು ನಿರ್ಧಾರವಾಯಿತು. ಆದ್ದರಿಂದ ಇಡೀ ಗಣತಿಯ ಅತಿ ಸೂಕ್ಷ್ಮ ಭಾಗ ಜಾತಿಯ ಹೆಸರು ಆರಿಸುವ ಪಟ್ಟಿಯೇ. ಅದು ಫೋನಿನೊಳಗೇ ಇರಬೇಕು, ನೆಟ್‌ವರ್ಕ್ ಇಲ್ಲದಾಗಲೂ ಹುಡುಕಲು ಸಿಗಬೇಕು. ಸಾಮಾನ್ಯ ಫೋನಿನ ಪರದೆಯಲ್ಲಿ ಒಂದು ಸಲಕ್ಕೆ ಆರೇಳು ಹೆಸರು ಕಾಣುತ್ತವೆ, ಕೈ ಮೇಲಿನದಕ್ಕೇ ಹೋಗುತ್ತದೆ. ಹಾಗಾಗಿ ಎರಡಕ್ಷರಕ್ಕೆ ನೂರು ಹೆಸರು ಸುರಿಯುವ ಪಟ್ಟಿ ಅಪಾಯ, ಕನಿಷ್ಠ ಮೂರು ಅಕ್ಷರ ಹೊಡೆದ ಮೇಲೆ ತೆರೆಯುವುದು ಮೇಲು. ‘ಒ’ ಮತ್ತು ‘ವ’, ‘ಳ’ ಮತ್ತು ‘ಲ’, ‘ಹ’ ಇದ್ದದ್ದು ಮತ್ತು ಬಿಟ್ಟದ್ದು, ಹೀಗೆ ಉಚ್ಚಾರದ ಭೇದಗಳನ್ನು ಹುಡುಕಾಟ ಮನ್ನಿಸಬೇಕು. ಪಟ್ಟಿಯಲ್ಲಿ ಸಿಗದಿದ್ದರೆ ಜನ ಹೇಳಿದ್ದನ್ನು ಹೇಳಿದ ಹಾಗೇ ಬರೆಯಲು ಒಂದು ಚೌಕ ಬೇಕೇ ಬೇಕು. ಅದನ್ನು ಯಾವುದಕ್ಕೆ ಸೇರಿಸಬೇಕೆಂದು ಗಣತಿದಾರರೂ ತೀರ್ಮಾನಿಸಬಾರದು, ಮೇಲ್ವಿಚಾರಕರೂ ತೀರ್ಮಾನಿಸಬಾರದು. ‘ನೀವು ಅಂದ್ರೆ ಇಂಥವರೇ ಅಲ್ವಾ’ ಎಂದು ಬಾಗಿಲಲ್ಲಿ ನಿಂತು ಜೋಡಿಸಿಬಿಟ್ಟರೆ ಒಂದು ಸಣ್ಣ ಸಮುದಾಯ ಲೆಕ್ಕದಿಂದಲೇ ಅಳಿಸಿಹೋಗುತ್ತದೆ. ಇಷ್ಟು ವರ್ಷ ಕಾದವರಿಗೆ ಹಾಗಾಗಬಾರದು.

ಸಂಜೆ ಏಳು ಗಂಟೆ

ತಂತ್ರಜ್ಞಾನದ ಭಾಗದಲ್ಲಿ ಕೆಡುವುದು ಹೆಚ್ಚಾಗಿ ಒಂದೇ ಕಡೆ: ಫೋನಿನಿಂದ ಸರ್ವರಿಗೆ, ಅಂದರೆ ದಾಖಲೆಗಳೆಲ್ಲ ಹೋಗಿ ಸೇರುವ ದೊಡ್ಡ ಕಂಪ್ಯೂಟರಿಗೆ, ಹೋಗುವ ದಾರಿಯಲ್ಲಿ. ಒಂದು ಕುಟುಂಬದ ದಾಖಲೆ ಬರೀ ಅಕ್ಷರ ಮತ್ತು ಅಂಕಿ, ಕೆಲವು ಕಿಲೋಬೈಟ್ ಅಷ್ಟೇ. ತೊಂದರೆ ಗಾತ್ರದ್ದಲ್ಲ, ಹೊತ್ತಿನದ್ದು. ಹಗಲೆಲ್ಲ ನೆಟ್‌ವರ್ಕ್ ಇಲ್ಲದ ಕಡೆ ಸುತ್ತಿದವರು ಮನೆಗೆ ಬಂದು, ವೈಫೈ ಹಿಡಿದು, ಸಂಜೆ ಏಳಕ್ಕೆ ಒಟ್ಟಿಗೆ ಗುಂಡಿ ಒತ್ತುತ್ತಾರೆ. 25 ಲಕ್ಷ ಮಂದಿ ಒಂದೇ ಗಂಟೆಯಲ್ಲಿ ಒತ್ತಿದರು ಎಂದಿಟ್ಟುಕೊಳ್ಳಿ, ಸೆಕೆಂಡಿಗೆ ಸುಮಾರು 700 ಫೋನು, ಒಂದೊಂದರಲ್ಲೂ ಹತ್ತಿಪ್ಪತ್ತು ಕುಟುಂಬ. ಉತ್ತರ ತಡವಾದ ಫೋನುಗಳು ಮತ್ತೆ ಕೇಳುತ್ತವೆ, ಹಾಗೆ ಕೇಳಿದ್ದರಿಂದಲೇ ಸರ್ವರು ಇನ್ನೂ ಕುಸಿಯುತ್ತದೆ. ಸೋತ ಫೋನು ಮತ್ತೆ ಕೇಳುವ ಮುನ್ನ ಕಾಯುವ ಹೊತ್ತನ್ನು ಪ್ರತಿ ಸಲವೂ ಇಮ್ಮಡಿ ಮಾಡಿ, ಅದರಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಬೆರೆಸಿದರೆ ಈ ನೂಕುನುಗ್ಗಲು ತಾನಾಗಿ ಚದುರುತ್ತದೆ. ಆಸ್ಟ್ರೇಲಿಯಾದಲ್ಲಿ 2016ರ ಆಗಸ್ಟ್ 9ರ ರಾತ್ರಿ, ಜನರೇ ಫಾರ್ಮು ತುಂಬಬೇಕಿದ್ದ ಹೊತ್ತಿಗೆ, ಗಣತಿಯ ಜಾಲತಾಣವನ್ನು ಮುಚ್ಚಬೇಕಾಯಿತು. ಅದು ಸುಮಾರು 40 ಗಂಟೆ ಮುಚ್ಚಿತ್ತು. ಹೊರಗಿನಿಂದ ನಡೆದ ಸೈಬರ್ ದಾಳಿ ಸಣ್ಣದು, ಅದನ್ನು ತಡೆಯಲು ಇಟ್ಟಿದ್ದ ಏರ್ಪಾಡು ಮತ್ತು ಒಂದು ರೌಟರ್ ಕೈಕೊಟ್ಟದ್ದು ದೊಡ್ಡದಾಯಿತು.

ಎರಡನೆಯ ಎಚ್ಚರಿಕೆ ಒಂದು ಪದಕ್ಕೆ ಸಂಬಂಧಿಸಿದ್ದು. ‘ಕಳುಹಿಸಲಾಗಿದೆ’ ಮತ್ತು ‘ತಲುಪಿದೆ’ ಎರಡೂ ಒಂದಲ್ಲ. ಸರ್ವರು ದಾಖಲೆಯನ್ನು ಡಿಸ್ಕಿನಲ್ಲಿ ಬರೆದು, ಅದರ ಪ್ರತಿಯೂ ಬೇರೆಡೆ ಕೂತ ಮೇಲೆ ಬರುವ ರಸೀತಿಗೆ ಮಾತ್ರ ‘ತಲುಪಿದೆ’ ಎನ್ನಬೇಕು, ಅಲ್ಲಿಯವರೆಗೆ ಫೋನಿನ ಪ್ರತಿಯನ್ನು ಅಳಿಸಬಾರದು. ರಸೀತಿ ದಾರಿಯಲ್ಲಿ ಕಳೆದುಹೋದರೆ ಫೋನು ಅದೇ ಕುಟುಂಬವನ್ನು ಮತ್ತೆ ಕಳಿಸುತ್ತದೆ. ಅದಕ್ಕೆ ಪ್ರತಿ ಕುಟುಂಬಕ್ಕೂ ಫೋನಿನಲ್ಲೇ ಮೊದಲ ಕ್ಷಣದಲ್ಲಿ ಒಂದು ವಿಶಿಷ್ಟ ಸಂಖ್ಯೆ ಹುಟ್ಟಬೇಕು, ಅದೇ ಸಂಖ್ಯೆ ಹತ್ತು ಸಲ ಬಂದರೂ ಒಂದೇ ಕುಟುಂಬವೆಂದು ಸರ್ವರಿಗೆ ತಿಳಿಯಬೇಕು. ಗಣತಿದಾರರು ತಮ್ಮದೇ ಫೋನು ಬಳಸುವಾಗ ಇನ್ನೂ ಕೆಲವು ತೊಡಕುಗಳಿವೆ. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಆ್ಯಪ್ ಅನ್ನು ಹಿನ್ನೆಲೆಯಲ್ಲಿ ಕೊಲ್ಲುತ್ತದೆ. ಮೆಮೊರಿ ತುಂಬಿ ದಾಖಲೆ ಉಳಿಯುವುದೇ ಇಲ್ಲ. ‘ಆ್ಯಪ್ ಹ್ಯಾಂಗ್ ಆಯ್ತು’ ಎಂದು ಯಾರೋ ಹೇಳಿಕೊಟ್ಟಂತೆ ಡೇಟಾ ಕ್ಲಿಯರ್ ಮಾಡಿದರೆ ಎರಡು ದಿನದ ಕೆಲಸ ಹೋಯಿತು. ಕಳುಹಿಸದ ದಾಖಲೆ ಉಳಿದಿರುವವರೆಗೂ ದೊಡ್ಡ ಕೆಂಪು ಅಂಕಿಯಲ್ಲಿ ಅದರ ಎಣಿಕೆ ಮುಖಪುಟದಲ್ಲೇ ಕಾಣುತ್ತಿದ್ದರೆ ಇದರಲ್ಲಿ ಅರ್ಧ ತಪ್ಪುತ್ತದೆ.

ಅಮೆರಿಕದಲ್ಲಿ 2010ರ ಗಣತಿಗೆಂದು ಕೈಯಲ್ಲಿ ಹಿಡಿಯುವ ಕಂಪ್ಯೂಟರುಗಳನ್ನು ಸಿದ್ಧಪಡಿಸಿ, ಉತ್ತರಿಸದ ಮನೆಗಳಿಗೆ ಅದನ್ನೇ ಒಯ್ಯಬೇಕೆಂದಿದ್ದರು. 2008ರಲ್ಲಿ ಆ ಯೋಚನೆ ಬಿಟ್ಟು ಆ ಕೆಲಸಕ್ಕೆ ಕಾಗದಕ್ಕೇ ಮರಳಿದರು. ಗಣತಿಯ ತಾರೀಖು ಮುಂದೆ ಹೋಗುವುದಿಲ್ಲ, ಸಾಫ್ಟ್‌ವೇರ್ ಕೆಲಸ ಮುಂದೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಪ್ರಶ್ನೆಗಳನ್ನು ಒಂದು ದಿನ ಅಂತಿಮಗೊಳಿಸಿ, ಆಮೇಲೆ ಯಾರು ಹೇಳಿದರೂ ಮುಟ್ಟದಿರುವ ಗಟ್ಟಿತನ ಬೇಕು. ತರಬೇತಿಯಲ್ಲಿ ತೋರಿಸಿದ ಪರದೆಯೇ ಬಾಗಿಲಲ್ಲೂ ಇರಬೇಕು.

ನಕ್ಷೆಯ ಚುಕ್ಕಿ

ಬೆಂಗಳೂರಿನ 20×30 ಸೈಟಿನ ಅಗಲ ಸುಮಾರು ಆರು ಮೀಟರ್. ತೆರೆದ ಬಯಲಲ್ಲಿ ಫೋನಿನ ಜಿಪಿಎಸ್ ಐದು-ಹತ್ತು ಮೀಟರ್ ಆಚೀಚೆ ತೋರಿಸುತ್ತದೆ, ಇಕ್ಕಟ್ಟಾದ ಓಣಿಯಲ್ಲಿ, ಆರ್‌ಸಿಸಿ ಮನೆಗಳ ನಡುವೆ ಅದಕ್ಕಿಂತ ಎಷ್ಟೋ ಹೆಚ್ಚು. ಅಂದರೆ ನಕ್ಷೆಯಲ್ಲಿ ಮನೆಗೆಂದು ಬೀಳುವ ಚುಕ್ಕಿ ನಿಮ್ಮ ಮನೆಯ ಮೇಲಿದೆಯೋ ಪಕ್ಕದ ಮನೆಯ ಮೇಲಿದೆಯೋ ಹೇಳಲು ಬರುವುದಿಲ್ಲ. ಮೂರು ಮಹಡಿಯ ಮೂರು ಬಾಡಿಗೆ ಮನೆಗಳಿಗೆ ಒಂದೇ ಚುಕ್ಕಿ. ಕರ್ನಾಟಕದಲ್ಲಿ 2025ರ ಸೆಪ್ಟೆಂಬರ್ 22ರಂದು ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಮನೆ ಗುರುತಿಸಲು ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆ ಹಿಡಿದರು, ಬಾಗಿಲಿಗೆ ಸ್ಟಿಕರ್ ಅಂಟಿಸಿದರು. ಒಳ್ಳೆಯ ಯೋಚನೆ, ಮೀಟರ್ ಓದುವವರಿಗಿಂತ ಹೆಚ್ಚು ಬಾಗಿಲು ಕಂಡವರು ಯಾರೂ ಇಲ್ಲ. ಆದರೆ ಮೀಟರು ಮತ್ತು ಮನೆ ಒಂದಕ್ಕೊಂದು ಸಮ ಅಲ್ಲ. ಒಂದು ಮೀಟರಿನಿಂದ ನಾಲ್ಕು ಬಾಡಿಗೆ ಮನೆಗೆ ಲೈನ್ ಎಳೆದಿರುತ್ತಾರೆ, ಒಂದೇ ಮನೆಗೆ ಎರಡು ಮೀಟರ್ ಇರುತ್ತದೆ, ಶೆಡ್ಡಿನಲ್ಲಿರುವವರಿಗೆ ಮೀಟರೇ ಇರುವುದಿಲ್ಲ.

ಗಣತಿಯಲ್ಲಿ ಬ್ಲಾಕ್ ಎಂದರೆ ಸುಮಾರು 700-800 ಜನರ ಒಂದು ತುಂಡು ನೆಲ, ಒಬ್ಬ ಗಣತಿದಾರರ ಪಾಲು. ಅಂಥ ಆರು ಮಂದಿಗೆ ಒಬ್ಬ ಮೇಲ್ವಿಚಾರಕ. ಚುಕ್ಕಿಗಿಂತ ಮುಖ್ಯವಾದ್ದು ಬ್ಲಾಕಿನ ಗಡಿ. ಎರಡು ಬ್ಲಾಕಿನ ನಡುವೆ ಯಾರಿಗೂ ಸೇರದ ಒಂದು ಗಲ್ಲಿ ಉಳಿದರೆ ಅಲ್ಲಿನ ಮನೆಗಳು ಯಾವ ಫೋನಿಗೂ ಬರುವುದಿಲ್ಲ. ಗಡಿಯನ್ನು ಕಂಪ್ಯೂಟರಿನಲ್ಲಿ ಉಪಗ್ರಹ ಚಿತ್ರದ ಮೇಲೆ ಎಳೆದರೂ, ನಕ್ಷೆ ಹಿಡಿದು ಆ ಗಡಿಯನ್ನು ಒಂದು ಸುತ್ತು ಕಾಲಲ್ಲಿ ನಡೆದು ನೋಡಲೇಬೇಕು. ನಡೆಯುವಾಗ ಎಡಗಡೆಯ ಬ್ಲಾಕಿನವರೂ ಬಲಗಡೆಯ ಬ್ಲಾಕಿನವರೂ ಒಟ್ಟಿಗಿದ್ದರೆ ಇನ್ನೂ ಒಳ್ಳೆಯದು, ‘ಈ ಮನೆ ನಿಂದು, ಆ ಮನೆ ನಂದು’ ಎಂದು ಅಲ್ಲೇ ಇತ್ಯರ್ಥವಾಗುತ್ತದೆ. ಬಾಗಿಲ ಮೇಲೆ ಬರೆದ ಸಂಖ್ಯೆಗೆ ಯಾವ ಉಪಗ್ರಹವೂ ಇನ್ನೂ ಬದಲಿಯಾಗಿಲ್ಲ.

ಸ್ವಯಂ ಗಣತಿಯ ಮಾತು ಇಲ್ಲೇ ಬರಬೇಕು. ಮನೆಪಟ್ಟಿ ಹಂತದಲ್ಲಿ ಮನೆ ಭೇಟಿಗೆ ಮುಂಚಿನ 15 ದಿನ ಜನರೇ ಆನ್‌ಲೈನ್‌ನಲ್ಲಿ ವಿವರ ತುಂಬಬಹುದು, ಆಮೇಲೆ ಬಂದ ಗಣತಿದಾರರಿಗೆ ಒಂದು ಗುರುತು ಸಂಖ್ಯೆ ಕೊಡಬೇಕು. ಜನಸಂಖ್ಯೆಯ ಎಣಿಕೆಗೂ ಇದೇ ದಾರಿ ಬಂದಾಗ ಬೆಂಗಳೂರಿನಲ್ಲಿರುವ ಮಗ ಪ್ರೀತಿಯಿಂದಲೇ ಹಾಸನದ ಅಪ್ಪ-ಅಮ್ಮನನ್ನೂ ತನ್ನ ಪಟ್ಟಿಗೆ ಸೇರಿಸಿಬಿಡುತ್ತಾನೆ, ಹಾಸನದಲ್ಲಿ ಬಾಗಿಲಿಗೆ ಬಂದವರು ಅವರನ್ನು ಮತ್ತೆ ಬರೆದುಕೊಳ್ಳುತ್ತಾರೆ. ಹೆಸರು ಹೋಲಿಸಿ ಇದನ್ನು ಹಿಡಿಯುವುದು ಸುಲಭವಲ್ಲ. ‘ನಿಮ್ಮ ಕುಟುಂಬದವರು ಯಾರು’ ಎಂದು ಕೇಳುವ ಬದಲು ‘ಈ ಮನೆಯ ಅಡುಗೆಯನ್ನು ದಿನಾ ಉಣ್ಣುವವರು ಯಾರು’ ಎಂದು ಕೇಳಿದರೆ ಮಗ ತಾನೇ ಸರಿಯಾಗಿ ತುಂಬುತ್ತಾನೆ.

ಫೆಬ್ರವರಿ 28ರ ರಾತ್ರಿ

ದೇಶದ ಹೆಚ್ಚಿನ ಭಾಗಕ್ಕೆ ಗಣತಿಯ ಕ್ಷಣ 2027ರ ಮಾರ್ಚ್ 1ರ ನಡುರಾತ್ರಿ ಸೊನ್ನೆ ಗಂಟೆ. ಹಿಮ ಬೀಳುವ ಲಡಾಖ್, ಜಮ್ಮು-ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಭಾಗಗಳಿಗೆ 2026ರ ಅಕ್ಟೋಬರ್ 1. ಆ ಕ್ಷಣದಲ್ಲಿ ಬದುಕಿದ್ದವರಷ್ಟೂ ಲೆಕ್ಕಕ್ಕೆ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಸಿ, ಕೊನೆಯ ರಾತ್ರಿ ಮನೆಯಿಲ್ಲದವರನ್ನು ಅವರು ಮಲಗಿದ್ದಲ್ಲೇ ಹೋಗಿ ಬರೆದುಕೊಂಡು, ಮಾರ್ಚ್ 1ರಿಂದ 5ರವರೆಗೆ ಅದೇ ಮನೆಗಳಿಗೆ ಮತ್ತೊಂದು ಸುತ್ತು ಹೋಗಿದ್ದರು.

ಈ ಎರಡನೇ ಸುತ್ತಿನಲ್ಲಿ ಮುಖ್ಯವಾಗಿ ಕೇಳುವುದು ಎರಡು ಪ್ರಶ್ನೆ: ನಾವು ಬಂದುಹೋದ ಮೇಲೆ, ಗಣತಿಯ ಕ್ಷಣದೊಳಗೆ ಯಾರಾದರೂ ಹುಟ್ಟಿದ್ದಾರಾ, ಯಾರಾದರೂ ತೀರಿಕೊಂಡಿದ್ದಾರಾ. 27ರಂದು ಹೋದ ಅಜ್ಜನ ಹೆಸರು ತೆಗೆಯಬೇಕು. 28ರ ರಾತ್ರಿ ಹತ್ತಕ್ಕೆ ಹುಟ್ಟಿದ ಕೂಸನ್ನು ಸೇರಿಸಬೇಕು. ಮಾರ್ಚ್ 1ರ ನಡುರಾತ್ರಿ ಕಳೆದು ಅರ್ಧ ಗಂಟೆಗೆ ಹುಟ್ಟಿದ ಕೂಸನ್ನು ಸೇರಿಸುವ ಹಾಗಿಲ್ಲ, ಅದೇ ಹೊತ್ತಿಗೆ ಹೋದವರನ್ನು ತೆಗೆಯುವ ಹಾಗೂ ಇಲ್ಲ. ಹೆಸರಿಡದ ಕೂಸಿಗೆ ಹೆಸರಿನ ಚೌಕ ಖಾಲಿ ಬಿಡಲು ಆ್ಯಪ್ ಒಪ್ಪಬೇಕು. ಸಾವಿನ ಮನೆಯಲ್ಲಿ ನಿಂತ ಗಣತಿದಾರರಿಗೆ ಐದು ಪರದೆ ದಾಟಿಸದೆ ಒಂದೇ ಒತ್ತಿಗೆ ಆ ಕೆಲಸ ಮುಗಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಸರ್ವರಿಗೆ ತಲುಪಿ ಬೀಗ ಬಿದ್ದ ದಾಖಲೆ ಆ ದಿನಗಳಲ್ಲಿ ಮತ್ತೆ ತೆರೆಯಬೇಕು, ಹಳೆಯದು ಏನಿತ್ತು ಎಂಬುದೂ ಉಳಿಯಬೇಕು. ಬೀಗ ತೆರೆಯದಿದ್ದರೆ ಗಣತಿದಾರರ ಮುಂದೆ ಉಳಿಯುವ ದಾರಿ ಇಡೀ ಕುಟುಂಬವನ್ನು ಹೊಸದಾಗಿ ತುಂಬುವುದು, ಆಗ ಅದು ಎರಡು ಸಲ ಎಣಿಕೆಯಾಗುತ್ತದೆ.

ಮನೆಯಿಲ್ಲದವರ ಎಣಿಕೆ ಆ್ಯಪ್‌ಗೆ ಇನ್ನೂ ಕಷ್ಟ. ಬಸ್‌ ನಿಲ್ದಾಣದ ಪ್ಲಾಟ್‌ಫಾರಂ, ಮೇಲ್ಸೇತುವೆಯ ಕೆಳಗೆ, ದೇವಸ್ಥಾನದ ಜಗಲಿ, ಮಾರುಕಟ್ಟೆಯ ಮುಚ್ಚಿದ ಶಟರಿನ ಮುಂದೆ. ಮೊದಲೇ ತಿರುಗಿ ಜಾಗಗಳನ್ನು ಗುರುತು ಹಾಕಿಟ್ಟುಕೊಂಡು, ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದೇ ಸಲ ಹೋಗಬೇಕು, ತಡವಾದರೆ ಜನ ಎದ್ದು ಬೇರೆ ಬ್ಲಾಕಿಗೆ ಹೋಗಿಬಿಡುತ್ತಾರೆ. ಮನೆ ಸಂಖ್ಯೆ ಇಲ್ಲದೆ ಮುಂದೆ ಬಿಡದ ಆ್ಯಪ್, ಮೊಬೈಲ್‌ಗೆ ಒಟಿಪಿ ಬರದೆ ಮುಂದೆ ಬಿಡದ ಆ್ಯಪ್ ಆ ರಾತ್ರಿ ನಿರುಪಯೋಗಿ. ಕತ್ತಲಲ್ಲಿ ಮುಖಕ್ಕೆ ಹೊಡೆಯುವ ಪರದೆಯ ಬೆಳಕು ಮಲಗಿದವರನ್ನು ಗಾಬರಿಪಡಿಸುತ್ತದೆ ಎಂಬುದನ್ನೂ ಪರದೆ ಮಾಡುವವರು ನೆನಪಿಡಬೇಕು, ಕಪ್ಪು ಹಿನ್ನೆಲೆಯ ಒಂದು ಸರಳ ಪುಟ ಸಾಕು: ಹೆಸರು, ಲಿಂಗ, ವಯಸ್ಸು, ಜಾಗ. ಉಳಿದದ್ದು ಅವರು ಮಾತಾಡಲು ಒಪ್ಪಿದಷ್ಟು.

ನೂರಕ್ಕೆ ನೂರು ಎಂದರೆ ಯಾವುದರ ನೂರು

ತಾಲ್ಲೂಕು ಕಚೇರಿಯ ಪರದೆಯಲ್ಲಿ ಪ್ರತಿ ಬ್ಲಾಕಿನ ಮುಂದೆ ಶೇಕಡಾವಾರು ಕಾಣುತ್ತದೆ. 92 ಇದ್ದವರಿಗೆ ಫೋನು ಬರುತ್ತದೆ, 100 ಆದವರಿಗೆ ಬರುವುದಿಲ್ಲ. ಆ ನೂರು ಪಟ್ಟಿಯಲ್ಲಿರುವ ಮನೆಗಳ ನೂರು. ಪಟ್ಟಿಗೇ ಬರದ ಮನೆ ಛೇದದಲ್ಲೂ ಇಲ್ಲ, ಅಂಶದಲ್ಲೂ ಇಲ್ಲ. ಆರು ಜನರ ಕುಟುಂಬವನ್ನು ಒಂದೂವರೆ ನಿಮಿಷದಲ್ಲಿ ತುಂಬಿದವರನ್ನು ಆ್ಯಪ್ ಹಿಡಿದುಕೊಡುತ್ತದೆ, ಎಲ್ಲ ದಾಖಲೆಗಳೂ ಒಂದೇ ಚುಕ್ಕಿಯಲ್ಲಿ ಹುಟ್ಟಿದರೆ ಮನೆಯಲ್ಲೇ ಕೂತು ತುಂಬಿದ್ದಾರೆ ಎಂದೂ ಹೇಳುತ್ತದೆ. ತಟ್ಟದ ಬಾಗಿಲಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಅದನ್ನು ತಿಳಿಯಲು ಇರುವುದು ಗಣತ್ಯುತ್ತರ ಸಮೀಕ್ಷೆ, ಅಂದರೆ ಗಣತಿ ಮುಗಿದ ಮೇಲೆ ಕೆಲವು ಬ್ಲಾಕುಗಳನ್ನು ಮತ್ತೆ ಎಣಿಸಿ ಹೋಲಿಸಿ ನೋಡುವುದು, ಒಂದೇ. 2011ರ ಗಣತಿಯ ನಂತರ ನಡೆದ ಅಂಥ ಸಮೀಕ್ಷೆಯಲ್ಲಿ ದೇಶದಾದ್ಯಂತ ಸಾವಿರಕ್ಕೆ ಸುಮಾರು 23 ಮಂದಿ ಬಿಟ್ಟುಹೋಗಿದ್ದರೆಂದು ಕಂಡಿತು. 800 ಜನರ ಒಂದು ಬ್ಲಾಕಿಗೆ ಸರಾಸರಿ 18 ಮಂದಿ, ಹೆಚ್ಚುಕಡಿಮೆ ನಾಲ್ಕು ಮನೆ. ಡಿಜಿಟಲ್ ಗಣತಿ ಹಿಂದಿನದಕ್ಕಿಂತ ಮೇಲೋ ಅಲ್ಲವೋ ಎಂಬುದು ಈ 23 ಎಷ್ಟಾಯಿತು ಎಂಬುದರಿಂದ ಗೊತ್ತಾಗುತ್ತದೆ, ಫಲಿತಾಂಶ ಎಷ್ಟು ತಿಂಗಳು ಬೇಗ ಬಂತು ಎಂಬುದರಿಂದಲ್ಲ. ಆ ಸಮೀಕ್ಷೆಗೂ ಇನ್ನು ಮೇಲೆ ಆ್ಯಪ್ ಇರುತ್ತದೆ, ಮೊದಲ ಸುತ್ತಿನ ಮನೆಗಳ ಪಟ್ಟಿಯನ್ನು ಅದಕ್ಕೆ ಮೊದಲೇ ತುಂಬಿಕೊಟ್ಟರೆ ಕೆಲಸ ಬೇಗ ಆಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗೆ ಮಾಡಿದರೆ ಎರಡನೇ ತಂಡದವರೂ ಆ ಪಟ್ಟಿಯ ಬಾಗಿಲುಗಳನ್ನೇ ತಟ್ಟಿ ಬರುತ್ತಾರೆ. ಅವರು ಬೇರೆ ಊರಿನವರಾಗಿರಬೇಕು, ಹೊಸದಾಗಿ ಎಣಿಸಬೇಕು, ಹೋಲಿಸುವ ಕೆಲಸ ಆಮೇಲೆ ಕಚೇರಿಯಲ್ಲಿ ಬೇರೆಯವರು ಮಾಡಬೇಕು. ಅವರ ಫೋನಿನಲ್ಲಿ ಬ್ಲಾಕಿನ ಗಡಿ ಇದ್ದರೆ ಸಾಕು, ಒಳಗೆ ಒಂದು ಮನೆಯ ಹೆಸರೂ ಇರಬಾರದು.